ಕೆ. ಆರ್. ರಾಮನಾಥನ್

ಕಲ್ಪಾತಿ ರಾಮಕೃಷ್ಣ ರಾಮನಾಥನ್ (28 ಫೆಬ್ರವರಿ 1893 – 31 ಡಿಸೆಂಬರ್ 1984) ಭಾರತದ ಭೌತವಿಜ್ಞಾನಿ ಮತ್ತು ಹವಾಮಾನ ವಿಜ್ಞಾನಿ. ಸರ್ ಸಿ. ವಿ. ರಾಮನ್ ಅವರ ಮೊದಲ ತಲೆಮಾರಿನ ಸಹೋದ್ಯೋಗಿಗಳಲ್ಲಿ ಒಬ್ಬರಾಗಿದ್ದ ಇವರು, ಅಹಮದಾಬಾದಿನ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿಯ ಮೊದಲ ನಿರ್ದೇಶಕರಾಗಿದ್ದರು. ಉಷ್ಣವಲಯದ ಮೇಲಿನ ವಾತಾವರಣದ ರಚನೆ ಹಾಗೂ ಅಲ್ಲಿನ ಓಝೋನ್‌ನ ಪ್ರಮಾಣ, ಹಂಚಿಕೆ ಮತ್ತು ಏರಿಳಿತಗಳನ್ನು ಕುರಿತ ಅಧ್ಯಯನ ಇವರ ಪ್ರಮುಖ ಕೊಡುಗೆ. 1960ರಲ್ಲಿ ಅಂತರರಾಷ್ಟ್ರೀಯ ಓಝೋನ್ ಆಯೋಗದ ಅಧ್ಯಕ್ಷರಾದರು. ಓಝೋನ್ ಪದರವನ್ನು ನಾಶಮಾಡುವ ರಾಸಾಯನಿಕಗಳ ಬಳಕೆಯನ್ನು ಭಾರತ ಹಂತಹಂತವಾಗಿ ಕೈಬಿಟ್ಟಿದ್ದು ಇವರ ನಿಧನಾನಂತರದ ಕಾಲದಲ್ಲಿ. ಆದರೆ ಭಾರತದ ಆಕಾಶದಲ್ಲಿ ಓಝೋನ್ ಎಷ್ಟಿದೆ, ಅದು ಸಹಜವಾಗಿ ಹೇಗೆ ಬದಲಾಗುತ್ತದೆ ಎಂಬ ತಿಳಿವಳಿಕೆಯ ತಳಹದಿ ಬಹುಮಟ್ಟಿಗೆ ಇವರ ಕಾಲದಲ್ಲಿ ಸಿದ್ಧವಾಯಿತು.

ಜನನ ಮತ್ತು ವಿದ್ಯಾಭ್ಯಾಸ

ರಾಮನಾಥನ್ ಅವರು ಅಂದಿನ ಮದರಾಸು ಪ್ರಾಂತ್ಯದ ಮಲಬಾರ್ ಜಿಲ್ಲೆಗೆ ಸೇರಿದ್ದ ಪಾಲಕ್ಕಾಡಿನ ಕಲ್ಪಾತಿಯಲ್ಲಿ ಜನಿಸಿದರು. ಕಲ್ಪಾತಿಯು ತಮಿಳು ಬ್ರಾಹ್ಮಣರ ಅಗ್ರಹಾರಗಳಿಗೂ ರಥೋತ್ಸವಕ್ಕೂ ಹೆಸರಾದ ಊರು. ತಂದೆ ರಾಮಕೃಷ್ಣ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ಪಾಲಕ್ಕಾಡಿನ ವಿಕ್ಟೋರಿಯಾ ಕಾಲೇಜಿನಲ್ಲಿ ಓದಿದ ನಂತರ ರಾಮನಾಥನ್ ಅವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿ ಭೌತವಿಜ್ಞಾನದಲ್ಲಿ ಪದವಿ ಪಡೆದರು. ಕೆಲವು ವರ್ಷಗಳ ಹಿಂದೆ ರಾಮನ್ ಅವರೂ ಇದೇ ಕಾಲೇಜಿನ ವಿದ್ಯಾರ್ಥಿಯಾಗಿದ್ದರು.

1914ರಲ್ಲಿ ತಿರುವನಂತಪುರದ ಮಹಾರಾಜಾ ಕಾಲೇಜಿನಲ್ಲಿ ಭೌತವಿಜ್ಞಾನದ ಡೆಮಾನ್‌ಸ್ಟ್ರೇಟರ್ ಆಗಿ ಸೇರಿದರು. ಅಲ್ಲಿನ ಹಳೆಯ ವೀಕ್ಷಣಾಲಯದ ಹೊಣೆಯೂ ಇವರ ಪಾಲಿಗೆ ಬಂದಿತು. ತಿರುವಾಂಕೂರಿನ ಗುಡುಗು ಮಳೆ ಮತ್ತು ಮಳೆಯ ಹಂಚಿಕೆಯನ್ನು ಕುರಿತು ಇವರು ನಡೆಸಿದ ಅಧ್ಯಯನಗಳು ಈ ಕಾಲದವು. ಮುಂದೆ ಇವರ ಜೀವನವನ್ನು ಆವರಿಸಿದ ವಾತಾವರಣ ವಿಜ್ಞಾನದ ಆಸಕ್ತಿ ಮೊಳೆತದ್ದು ಈ ವೀಕ್ಷಣಾಲಯದಲ್ಲಿ.

ರಾಮನ್ ಅವರೊಡನೆ: ಕಲ್ಕತ್ತೆಯ ವರ್ಷಗಳು

1921ರ ಕೊನೆಯಲ್ಲಿ ರಾಮನಾಥನ್ ಅವರು ಮದರಾಸು ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಯಾಗಿ ಕಲ್ಕತ್ತೆಗೆ ಹೋಗಿ ರಾಮನ್ ಅವರ ಬಳಿ ಕೆಲಸ ಆರಂಭಿಸಿದರು. ಸಮುದ್ರದ ನೀಲಿ ಬಣ್ಣಕ್ಕೆ ಕಾರಣವನ್ನು ಹುಡುಕುತ್ತ ರಾಮನ್ ಅವರು ದ್ರವಗಳಲ್ಲಿ ಬೆಳಕಿನ ಚದುರುವಿಕೆಯನ್ನು ಅಭ್ಯಸಿಸಲು ಆರಂಭಿಸಿದ್ದ ದಿನಗಳವು. ದ್ರವಗಳಲ್ಲಿ ಎಕ್ಸ್-ಕಿರಣಗಳ ವಿವರ್ತನೆಯನ್ನು ಕುರಿತು ಇವರಿಬ್ಬರೂ ಸೇರಿ 1923ರಲ್ಲಿ ಪ್ರಕಟಿಸಿದ ಪ್ರಬಂಧವು ಆ ಕ್ಷೇತ್ರದ ಆರಂಭಿಕ ಕೃತಿಗಳಲ್ಲೊಂದು.

ಅದೇ 1923ರಲ್ಲಿ ರಾಮನಾಥನ್ ಅವರು ಮಾಡಿದ ಒಂದು ವೀಕ್ಷಣೆಯು ಭಾರತೀಯ ವಿಜ್ಞಾನದ ಇತಿಹಾಸದಲ್ಲಿ ವಿಶೇಷ ಸ್ಥಾನ ಪಡೆದಿದೆ. ಅವರು ಸೂರ್ಯನ ಬೆಳಕನ್ನು ನೇರಳೆ ಬಣ್ಣದ ಶೋಧಕದ ಮೂಲಕ ದ್ರವದೊಳಕ್ಕೆ ಹಾಯಿಸಿ, ಚದುರಿದ ಬೆಳಕನ್ನು ಅದಕ್ಕೆ ಪೂರಕವಾದ ಇನ್ನೊಂದು ಶೋಧಕದ ಮೂಲಕ ನೋಡಿದರು. ಬೆಳಕಿನ ಬಣ್ಣ ಬದಲಾಗದಿದ್ದರೆ ಎರಡನೆಯ ಶೋಧಕದ ಆಚೆ ಏನೂ ಕಾಣಬಾರದು. ಆದರೆ ಮಂಕಾದ ಒಂದು ಬೆಳಕಿನ ಜಾಡು ಕಾಣಿಸುತ್ತಲೇ ಇತ್ತು. ದ್ರವದಲ್ಲಿನ ಕಲ್ಮಶದಿಂದ ಉಂಟಾದ ದುರ್ಬಲ ಪ್ರತಿದೀಪ್ತಿ ಅದಾಗಿರಬಹುದೆಂದು ಭಾವಿಸಿ ದ್ರವವನ್ನು ನಿರ್ವಾತದಲ್ಲಿ ಮತ್ತೆ ಮತ್ತೆ ಬಟ್ಟಿ ಇಳಿಸಿ ಶುದ್ಧಗೊಳಿಸಿದರೂ ಅದು ಮರೆಯಾಗಲಿಲ್ಲ. ಈ ಮಂಕು ಬೆಳಕಿನ ಜಾಡನ್ನೇ ಕೆ. ಎಸ್. ಕೃಷ್ಣನ್ ಮತ್ತಿತರರು ಮುಂದೆ ಹಿಂಬಾಲಿಸಿದರು. 1928ರ ಫೆಬ್ರವರಿ 28ರಂದು ಅದರ ನಿಜವಾದ ಅರ್ಥ ತಿಳಿದು ರಾಮನ್ ಪರಿಣಾಮದ ಆವಿಷ್ಕಾರವಾಯಿತು. ಇಂದು ರಾಷ್ಟ್ರೀಯ ವಿಜ್ಞಾನ ದಿನವೆಂದು ಆಚರಿಸುವ ಆ ದಿನಾಂಕವೇ ರಾಮನಾಥನ್ ಅವರ ಜನ್ಮದಿನವೂ ಆಗಿರುವುದು ಕಾಕತಾಳೀಯ. ಆ ಹೊತ್ತಿಗೆ ಅವರು ಬೆಳಕಿನ ಪ್ರಯೋಗಗಳಿಂದ ದೂರ ಸರಿದು ಎರಡು ವರ್ಷಕ್ಕೂ ಹೆಚ್ಚು ಕಾಲವಾಗಿತ್ತು. ಕಂಡದ್ದನ್ನು ಕಂಡಂತೆ ದಾಖಲಿಸುವ, ಸುಲಭವಾದ ವಿವರಣೆಯನ್ನೂ ಪರೀಕ್ಷೆಗೊಡ್ಡುವ ಈ ಸ್ವಭಾವ ಅವರ ಮುಂದಿನ ಕೆಲಸಗಳಲ್ಲಿಯೂ ಕಾಣುತ್ತದೆ.

1922ರಲ್ಲಿ ಇವರಿಗೆ ಬರ್ಮಾದ ರಂಗೂನಿನಲ್ಲಿ ಬೋಧಕ ಹುದ್ದೆ ದೊರೆಯಿತು. ರಜೆಯ ಕಾಲದಲ್ಲಿ ಕಲ್ಕತ್ತೆಗೆ ಬಂದು ಪ್ರಯೋಗಗಳನ್ನು ಮುಂದುವರಿಸುತ್ತಿದ್ದರು.

ಹವಾಮಾನ ಇಲಾಖೆಯಲ್ಲಿ

1925ರಲ್ಲಿ ರಾಮನಾಥನ್ ಅವರು ಭಾರತ ಹವಾಮಾನ ಇಲಾಖೆಯನ್ನು ಸೇರಿದರು. ಇಲಾಖೆಯು ಆಗ ಆಗ್ರಾದ ವೀಕ್ಷಣಾಲಯದಿಂದ ಉಪಕರಣಗಳನ್ನು ಕಟ್ಟಿದ ಜಲಜನಕದ ಬಲೂನುಗಳನ್ನು ಹಾರಿಬಿಟ್ಟು ಮೇಲಿನ ವಾತಾವರಣದ ತಾಪ ಮತ್ತು ಆರ್ದ್ರತೆಯನ್ನು ಅಳೆಯುತ್ತಿತ್ತು. ರೇಡಿಯೋ ಮೂಲಕ ಮಾಹಿತಿ ಕಳಿಸುವ ಉಪಕರಣಗಳು ಇನ್ನೂ ಬಂದಿರಲಿಲ್ಲ. ಬಲೂನು ಒಡೆದು ಉಪಕರಣ ಎಲ್ಲೋ ಹೊಲದಲ್ಲಿ ಬಿದ್ದರೆ, ಅದು ಯಾರದೋ ಕೈಗೆ ಸಿಕ್ಕಿ ಹಿಂದಿರುಗಿ ಬಂದಾಗ ಮಾತ್ರ ಮಾಹಿತಿ ದೊರೆಯುತ್ತಿತ್ತು. ಹೀಗೆ ಸಂಗ್ರಹವಾದ ದಾಖಲೆಗಳನ್ನು ರಾಮನಾಥನ್ ಅವರು ವಿಶ್ಲೇಷಿಸಿದರು.

ಇದರ ಫಲವಾಗಿ 1929ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅವರ ಒಂದು ಲೇಖನ ಪ್ರಕಟವಾಯಿತು. ಭೂಮಿಯ ಮೇಲ್ಮೈಯಿಂದ ಮೇಲೇರಿದಂತೆ ತಾಪ ಇಳಿಯುತ್ತ ಹೋಗುವ ಕೆಳಗಿನ ಪದರವನ್ನು ಪರಿವರ್ತನ ಮಂಡಲವೆಂದೂ, ಅದರ ಮೇಲಿನದನ್ನು ಸಮೋಷ್ಣ ಮಂಡಲವೆಂದೂ, ಇವೆರಡರ ನಡುವಿನ ಗಡಿಯನ್ನು ಟ್ರೋಪೋಪಾಸ್ ಎಂದೂ ಕರೆಯುತ್ತಾರೆ. ಈ ಗಡಿಯು ಸಮಭಾಜಕ ವೃತ್ತದ ಮೇಲೆ ಸುಮಾರು 17 ಕಿ.ಮೀ. ಎತ್ತರದಲ್ಲಿದೆ ಎಂದೂ, ವಾತಾವರಣದ ಈ ಭಾಗದಲ್ಲಿ ಅತ್ಯಂತ ತಣ್ಣನೆಯ ಗಾಳಿ ಇರುವುದು ಧ್ರುವಗಳ ಮೇಲಲ್ಲ, ಉಷ್ಣವಲಯದ ಮೇಲೆ ಎಂದೂ ರಾಮನಾಥನ್ ಅವರು ತೋರಿಸಿದರು. ನೆಲದ ಮೇಲೆ ಸುಡುವ ಬಿಸಿಲಿರುವ ನಾಡಿನ ನೆತ್ತಿಯ ಮೇಲೆ ಶೂನ್ಯಕ್ಕಿಂತ 80 ಡಿಗ್ರಿ ಸೆಲ್ಸಿಯಸ್‌ಗೂ ಕಡಿಮೆ ತಾಪದ ಗಾಳಿ ಉಂಗುರದಂತೆ ಭೂಮಿಯನ್ನು ಸುತ್ತುವರಿದಿದೆ ಎಂಬುದು ಅಂದಿಗೆ ಹೊಸ ಚಿತ್ರ. ಇಂದಿನ ಹವಾಮಾನ ಪಠ್ಯಗಳಲ್ಲಿ ಇದು ಹೆಸರಿಲ್ಲದ ಸಾಮಾನ್ಯ ಜ್ಞಾನವಾಗಿ ಸೇರಿಹೋಗಿದೆ.

ಮುಂಗಾರು ಮತ್ತು ಅದರೊಂದಿಗೆ ಬರುವ ವಾಯುಭಾರ ಕುಸಿತಗಳ ರಚನೆಯನ್ನು ಕುರಿತು ಕೆ. ಪಿ. ರಾಮಕೃಷ್ಣನ್ ಅವರೊಡನೆ ನಡೆಸಿದ ಅಧ್ಯಯನವೂ ಈ ಅವಧಿಯದು. ಮುಂಬಯಿಯ ಕೊಲಾಬಾ ಮತ್ತು ಅಲಿಬಾಗಿನ ಭೂಕಾಂತ ವೀಕ್ಷಣಾಲಯಗಳ ಮುಖ್ಯಸ್ಥರಾಗಿಯೂ, ಪುಣೆಯ ಕಚೇರಿಯಲ್ಲಿಯೂ ಸೇವೆ ಸಲ್ಲಿಸಿ 1948ರಲ್ಲಿ ನಿವೃತ್ತರಾದರು.

ಓಝೋನ್ ಅಧ್ಯಯನ

ಆಮ್ಲಜನಕದ ಮೂರು ಪರಮಾಣುಗಳು ಸೇರಿ ಆದ ಅನಿಲವೇ ಓಝೋನ್. ವಾತಾವರಣದಲ್ಲಿ ಅದರ ಬಹುಭಾಗ ಸಮೋಷ್ಣ ಮಂಡಲದಲ್ಲಿದ್ದು, ಸೂರ್ಯನ ಹಾನಿಕಾರಕ ನೇರಳಾತೀತ ಕಿರಣಗಳನ್ನು ಹೀರಿಕೊಳ್ಳುತ್ತದೆ. ಪದರವೆಂದು ಕರೆದರೂ ಅದು ಬಹಳ ತೆಳುವಾದದ್ದು. ತಲೆಯ ಮೇಲಿನ ಎಲ್ಲ ಓಝೋನನ್ನು ಒಟ್ಟುಗೂಡಿಸಿ ನೆಲಮಟ್ಟದ ಒತ್ತಡ ಮತ್ತು ಶೂನ್ಯ ಡಿಗ್ರಿ ತಾಪಕ್ಕೆ ತಂದರೆ ಅದರ ದಪ್ಪ ಸರಾಸರಿ 3 ಮಿ.ಮೀ. ಮಾತ್ರ. ಇದನ್ನು 300 ಡಾಬ್ಸನ್ ಮಾನ ಎನ್ನುತ್ತಾರೆ. ಆಕ್ಸ್‌ಫರ್ಡಿನ ಜಿ. ಎಂ. ಬಿ. ಡಾಬ್ಸನ್ ಅವರ ಹೆಸರಿನ ಈ ಮಾನವು ಅವರೇ ರೂಪಿಸಿದ ರೋಹಿತಮಾಪಕದಿಂದ ಬಂದದ್ದು. ಓಝೋನ್ ಹೆಚ್ಚಾಗಿ ಹೀರುವ ಒಂದು ತರಂಗಾಂತರ ಮತ್ತು ಕಡಿಮೆ ಹೀರುವ ಇನ್ನೊಂದು ತರಂಗಾಂತರದ ಬೆಳಕಿನ ತೀವ್ರತೆಗಳನ್ನು ಹೋಲಿಸಿ, ಎರಡರ ಅನುಪಾತದಿಂದ ನಡುವಿನ ಓಝೋನ್ ಎಷ್ಟೆಂದು ಲೆಕ್ಕಹಾಕುವುದು ಈ ಉಪಕರಣದ ತತ್ತ್ವ.

ಡಾಬ್ಸನ್ ಅವರ ಆರಂಭಿಕ ಉಪಕರಣಗಳಲ್ಲೊಂದು 1920ರ ದಶಕದ ಕೊನೆಯಲ್ಲಿಯೇ ಕೊಡೈಕನಾಲ್ ಸೌರ ವೀಕ್ಷಣಾಲಯಕ್ಕೆ ಬಂದಿತ್ತು. ಅಲ್ಲಿನ ಅಳತೆಗಳು ಒಂದು ಒಗಟನ್ನು ಮುಂದಿಟ್ಟವು. ಸೂರ್ಯನ ಕಿರಣಗಳಿಂದ ಓಝೋನ್ ಹುಟ್ಟುವುದಾದರೆ ಬಿಸಿಲು ಹೆಚ್ಚಿರುವ ಉಷ್ಣವಲಯದಲ್ಲಿ ಅದು ಹೆಚ್ಚಿರಬೇಕಿತ್ತು. ಆದರೆ ಕೊಡೈಕನಾಲಿನ ಪ್ರಮಾಣ ಯುರೋಪಿನದಕ್ಕಿಂತ ಬಹಳ ಕಡಿಮೆಯಾಗಿದ್ದು, ವರ್ಷವಿಡೀ ಹೆಚ್ಚು ಬದಲಾಗುತ್ತಲೂ ಇರಲಿಲ್ಲ.

ರಾಮನಾಥನ್ ಅವರು ಉಷ್ಣವಲಯದ ಓಝೋನ್ ಅಧ್ಯಯನವನ್ನು ಕ್ರಮಬದ್ಧವಾಗಿ ಕೈಗೆತ್ತಿಕೊಂಡರು. ಮೊದಲು ಎದುರಾದದ್ದು ಭಾರತದ್ದೇ ಆದ ತೊಡಕು. ಆಲ್ಪ್ಸ್ ಪರ್ವತದ ಸ್ವಚ್ಛ ಆಕಾಶದಲ್ಲಿ ಸರಿಯಾಗಿ ಕೆಲಸಮಾಡುವ ಉಪಕರಣವು ಉತ್ತರ ಭಾರತದ ಬೇಸಗೆಯ ಧೂಳು ಮತ್ತು ಮಬ್ಬಿನಲ್ಲಿ ತಪ್ಪು ಅಳತೆ ಕೊಡಬಲ್ಲದು, ಏಕೆಂದರೆ ಧೂಳು ಕೂಡ ಬೆಳಕನ್ನು ಚದುರಿಸುತ್ತದೆ. ಜೆ. ವಿ. ಕರಂದೀಕರ್ ಅವರೊಡನೆ 1949ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ದೋಷವನ್ನು ವಿಶ್ಲೇಷಿಸಿ, ಹೆಚ್ಚಿನ ತರಂಗಾಂತರಗಳ ನೆರವಿನಿಂದ ಧೂಳಿನ ಪರಿಣಾಮವನ್ನು ಓಝೋನಿನ ಪರಿಣಾಮದಿಂದ ಬೇರ್ಪಡಿಸುವ ವಿಧಾನವನ್ನು ಚರ್ಚಿಸಿದರು. ಮೇಲ್ನೋಟಕ್ಕೆ ತಾಂತ್ರಿಕ ವಿವರವೆನಿಸುವ ಈ ಕೆಲಸವಿಲ್ಲದೆ ಭಾರತದಂಥ ದೇಶದ ಅಳತೆಗಳನ್ನು ಇತರ ದೇಶಗಳ ಅಳತೆಗಳೊಡನೆ ನಂಬಿಕೆಯಿಂದ ಹೋಲಿಸುವುದು ಸಾಧ್ಯವಿರಲಿಲ್ಲ.

ಎರಡನೆಯ ಪ್ರಶ್ನೆ ಓಝೋನ್ ಯಾವ ಎತ್ತರದಲ್ಲಿದೆ ಎಂಬುದು. ಸೂರ್ಯ ದಿಗಂತಕ್ಕೆ ಇಳಿಯುವ ಹೊತ್ತಿನಲ್ಲಿ ನೆತ್ತಿಯ ಆಕಾಶದಿಂದ ಬರುವ ಎರಡು ತರಂಗಾಂತರಗಳ ಬೆಳಕಿನ ಅನುಪಾತವು ಒಂದು ಹಂತದವರೆಗೆ ಒಂದು ದಿಕ್ಕಿನಲ್ಲಿ ಬದಲಾಗುತ್ತ ಹೋಗಿ ಬಳಿಕ ತಿರುಗಿಬೀಳುತ್ತದೆ. ಸ್ವಿಟ್ಜರ್‌ಲೆಂಡಿನ ಎಫ್. ಡಬ್ಲ್ಯೂ. ಪಿ. ಗೋಟ್ಸ್ ಅವರು ಗುರುತಿಸಿದ ಈ ವಿದ್ಯಮಾನವನ್ನು ಜರ್ಮನ್ ಭಾಷೆಯ ಪದದಿಂದ ಉಮ್‌ಕೇರ್ ಪರಿಣಾಮ ಎಂದು ಕರೆಯುತ್ತಾರೆ. ತಿರುವಿನ ಆಕಾರದಿಂದ ಓಝೋನಿನ ಎತ್ತರದ ಹಂಚಿಕೆಯನ್ನು ಊಹಿಸಬಹುದು. ಕರಂದೀಕರ್ ಮತ್ತು ರಾಮನಾಥನ್ ಅವರು 1949ರಲ್ಲಿ ಈ ವಿಧಾನವನ್ನು ಕಡಿಮೆ ಅಕ್ಷಾಂಶಗಳ ಓಝೋನಿಗೆ ಅನ್ವಯಿಸಿದರು. ಮುಂದೆ ಜೆ. ವಿ. ದವೆ ಅವರೊಡನೆ ಸೇರಿ ರಾಮನಾಥನ್ ಅವರು ರೂಪಿಸಿದ ಲೆಕ್ಕಾಚಾರದ ಕ್ರಮವು 1957–58ರ ಅಂತರರಾಷ್ಟ್ರೀಯ ಭೂಭೌತ ವರ್ಷದ ಕೈಪಿಡಿಯಲ್ಲಿ ಸೇರಿತು. ಗಣಕಯಂತ್ರಗಳು ಅಪರೂಪವಾಗಿದ್ದ ಕಾಲದಲ್ಲಿ ಕೈಯಿಂದಲೇ ಮಾಡಬಹುದಾದ ಕ್ರಮ ಎಲ್ಲ ದೇಶಗಳ ವೀಕ್ಷಕರಿಗೂ ಅಗತ್ಯವಾಗಿತ್ತು.

ಕೊಡೈಕನಾಲಿನ ಒಗಟಿಗೆ ಉತ್ತರ ವಾತಾವರಣದ ಚಲನೆಯಲ್ಲಿತ್ತು. ಓಝೋನ್ ಹೆಚ್ಚಾಗಿ ಹುಟ್ಟುವುದು ಉಷ್ಣವಲಯದ ಮೇಲೆಯೇ. ಆದರೆ ಸಮೋಷ್ಣ ಮಂಡಲದ ನಿಧಾನವಾದ ಗಾಳಿಯ ಪರಿಚಲನೆಯು ಅದನ್ನು ಧ್ರುವಗಳ ಕಡೆಗೆ ಸಾಗಿಸಿ ಅಲ್ಲಿ ಕೂಡಿಡುತ್ತದೆ. ಎ. ಡಬ್ಲ್ಯೂ. ಬ್ರೂವರ್ ಮತ್ತು ಡಾಬ್ಸನ್ ಅವರ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಈ ಪರಿಚಲನೆಯ ಚಿತ್ರ ಸ್ಪಷ್ಟವಾಗುತ್ತಿದ್ದ ಕಾಲದಲ್ಲಿಯೇ ರಾಮನಾಥನ್ ಅವರು ಓಝೋನ್ ಪ್ರಮಾಣಕ್ಕೂ ವಾತಾವರಣದ ಸಾಮಾನ್ಯ ಪರಿಚಲನೆಗೂ ಇರುವ ಸಂಬಂಧವನ್ನು ಭಾರತದ ಅಳತೆಗಳ ಆಧಾರದಿಂದ ವಿವರಿಸುತ್ತಿದ್ದರು. 1963ರಲ್ಲಿ ಉಷ್ಣವಲಯದ ಓಝೋನ್ ಪ್ರಮಾಣದಲ್ಲಿ ಸುಮಾರು ಎರಡು ವರ್ಷಗಳ ಅವಧಿಯ ಏರಿಳಿತವಿದೆ ಎಂಬುದನ್ನು ಕುರಿತು ಪ್ರಬಂಧ ಪ್ರಕಟಿಸಿದರು. ಸಮಭಾಜಕದ ಮೇಲಿನ ಗಾಳಿ ಪೂರ್ವದಿಂದ ಪಶ್ಚಿಮಕ್ಕೂ ಪಶ್ಚಿಮದಿಂದ ಪೂರ್ವಕ್ಕೂ ಹೆಚ್ಚುಕಡಿಮೆ ಇದೇ ಅವಧಿಯಲ್ಲಿ ದಿಕ್ಕು ಬದಲಿಸುತ್ತದೆ ಎಂಬುದು ಆಗತಾನೇ ತಿಳಿದಿತ್ತು. ಒಂದು ಸ್ಥಳದಲ್ಲಿ ಓಝೋನ್ ಕಡಿಮೆಯಾಗಿದೆ ಎಂದು ಹೇಳುವ ಮೊದಲು ಇಂತಹ ಸಹಜ ಏರಿಳಿತಗಳನ್ನು ಲೆಕ್ಕದಿಂದ ಕಳೆಯಬೇಕಾಗುತ್ತದೆ. ಆದುದರಿಂದ ಮುಂದಿನ ದಶಕಗಳಲ್ಲಿ ಈ ತಿಳಿವಳಿಕೆಗೆ ಹೊಸ ಮಹತ್ವ ಬಂದಿತು.

ಅಹಮದಾಬಾದಿನಲ್ಲಿ

ವಿಕ್ರಮ್ ಸಾರಾಭಾಯಿ ಅವರು 1947ರ ನವೆಂಬರಿನಲ್ಲಿ ಅಹಮದಾಬಾದಿನ ಎಂ. ಜಿ. ಸೈನ್ಸ್ ಇನ್‌ಸ್ಟಿಟ್ಯೂಟಿನ ಕೆಲವು ಕೊಠಡಿಗಳಲ್ಲಿ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿಯನ್ನು ಆರಂಭಿಸಿದರು. ಯುದ್ಧಕಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡಿದ್ದ ಸಾರಾಭಾಯಿ ಅವರಿಗೆ ಆಗ 28 ವರ್ಷ. ಸರ್ಕಾರಿ ಸೇವೆಯಿಂದ ನಿವೃತ್ತರಾದ 55 ವರ್ಷದ ರಾಮನಾಥನ್ ಅವರು 1948ರಲ್ಲಿ ಇದರ ಮೊದಲ ನಿರ್ದೇಶಕರಾದರು. ವಯಸ್ಸಿನಲ್ಲಿ ಬಹಳ ಅಂತರವಿದ್ದ ಇವರಿಬ್ಬರನ್ನು ಬೆಸೆದ ಕೊಂಡಿ ರಾಮನ್. ಸಾರಾಭಾಯಿ ವಿಶ್ವಕಿರಣಗಳನ್ನೂ ರಾಮನಾಥನ್ ವಾತಾವರಣವನ್ನೂ ಸಂಶೋಧನೆಯ ವಸ್ತುವಾಗಿ ಆರಿಸಿಕೊಂಡರು. ಪ್ರಯೋಗಾಲಯದ ಸ್ವಂತ ಕಟ್ಟಡಕ್ಕೆ ರಾಮನ್ ಅವರು 1952ರಲ್ಲಿ ಅಡಿಗಲ್ಲು ಹಾಕಿದರು. 1954ರಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅದನ್ನು ಉದ್ಘಾಟಿಸಿದರು.

ರಾಮನಾಥನ್ ಅವರು 1966ರವರೆಗೆ ನಿರ್ದೇಶಕರಾಗಿದ್ದರು. ಅಹಮದಾಬಾದ್ ಮತ್ತು ಮೌಂಟ್ ಅಬುವಿನಲ್ಲಿ ಓಝೋನ್ ಅಳತೆಗಳು ನಿಯಮಿತವಾಗಿ ನಡೆದವು. ಅಯಾನು ಮಂಡಲ ಮತ್ತು ರಾತ್ರಿಯ ಆಕಾಶದ ಮಂದ ಬೆಳಕಿನ ಅಧ್ಯಯನಗಳೂ ಅಲ್ಲಿ ಬೆಳೆದವು. ಉಡುಪಿ ಬಳಿಯ ಅದಮಾರಿನವರಾದ ಯು. ಆರ್. ರಾವ್ ಅವರು ಸಾರಾಭಾಯಿ ಅವರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳನ್ನು ಕುರಿತು ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದದ್ದು ಈ ಅವಧಿಯಲ್ಲಿಯೇ. ಭಾರತದ ಬಾಹ್ಯಾಕಾಶ ಕಾರ್ಯಕ್ರಮದ ತೊಟ್ಟಿಲೆಂದು ಈ ಪ್ರಯೋಗಾಲಯವನ್ನು ಕರೆಯುವಾಗ ಸಾರಾಭಾಯಿ ಅವರ ಹೆಸರು ಸಹಜವಾಗಿಯೇ ಮುಂದೆ ಬರುತ್ತದೆ. ಆದರೆ ಮೊದಲ 18 ವರ್ಷ ಅದರ ದೈನಂದಿನ ಶೈಕ್ಷಣಿಕ ಶಿಸ್ತನ್ನು ಕಾಪಾಡಿದವರು ರಾಮನಾಥನ್ ಎಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ನಿವೃತ್ತಿಯ ನಂತರವೂ ಗೌರವ ಪ್ರಾಧ್ಯಾಪಕರಾಗಿ ಜೀವನದ ಕೊನೆಯವರೆಗೆ ಅಲ್ಲಿಯೇ ಕೆಲಸ ಮುಂದುವರಿಸಿದರು.

ಅಂತರರಾಷ್ಟ್ರೀಯ ಕಾರ್ಯ

1951ರಿಂದ 1954ರವರೆಗೆ ಅಂತರರಾಷ್ಟ್ರೀಯ ಹವಾಮಾನ ವಿಜ್ಞಾನ ಸಂಘದ ಅಧ್ಯಕ್ಷರಾಗಿಯೂ, 1954ರಿಂದ 1957ರವರೆಗೆ ಅದರ ಮಾತೃಸಂಸ್ಥೆಯಾದ ಅಂತರರಾಷ್ಟ್ರೀಯ ಭೂಮಾಪನ ಮತ್ತು ಭೂಭೌತವಿಜ್ಞಾನ ಒಕ್ಕೂಟದ ಅಧ್ಯಕ್ಷರಾಗಿಯೂ ಇದ್ದರು. ಹಲವು ಹತ್ತು ದೇಶಗಳು ಒಟ್ಟಾಗಿ ನಡೆಸಿದ ಅಂತರರಾಷ್ಟ್ರೀಯ ಭೂಭೌತ ವರ್ಷದ ಸಿದ್ಧತೆಗಳು ನಡೆದದ್ದು ಈ ಕಾಲದಲ್ಲಿ. ಓಝೋನ್ ಅಳತೆಗಳು ಜಗತ್ತಿನಾದ್ಯಂತ ಒಂದೇ ಕ್ರಮಕ್ಕೆ ಬಂದದ್ದು, ಅಂಟಾರ್ಕ್ಟಿಕಾದ ಹ್ಯಾಲಿ ಕೊಲ್ಲಿಯಲ್ಲಿ ಡಾಬ್ಸನ್ ಉಪಕರಣದ ಅಳತೆಗಳು ಆರಂಭವಾದದ್ದು ಇದೇ ಭೂಭೌತ ವರ್ಷದ ಸಂದರ್ಭದಲ್ಲಿ.

ಓಝೋನ್ ಆಯೋಗದಲ್ಲಿ ಡಾಬ್ಸನ್ ಅವರ ನಂತರದ ಕಾಲದಲ್ಲಿ ರಾಮನಾಥನ್ ಅವರು ಅಧ್ಯಕ್ಷರಾದರು. ಹವಾಮಾನ ಇಲಾಖೆಯಲ್ಲಿ ಹಿಂದೆ ಇವರ ಮೇಲಧಿಕಾರಿಯಾಗಿದ್ದ ಸರ್ ಚಾರ್ಲ್ಸ್ ನಾರ್ಮಂಡ್ ಅವರು ಅದೇ ಆಯೋಗದಲ್ಲಿ ಬಹುಕಾಲ ಕಾರ್ಯದರ್ಶಿಯಾಗಿದ್ದರು.

ಓಝೋನ್ ನಾಶಕ ರಾಸಾಯನಿಕಗಳು ಮತ್ತು ಭಾರತ

ರಾಮನಾಥನ್ ಅವರು ಕೆಲಸ ಮಾಡಿದ ಬಹುಪಾಲು ಕಾಲದಲ್ಲಿ ಮನುಷ್ಯನ ಚಟುವಟಿಕೆಯಿಂದ ಓಝೋನ್ ಪದರ ನಶಿಸಬಹುದೆಂಬ ಕಲ್ಪನೆ ವಿಜ್ಞಾನಿಗಳಲ್ಲಿ ಇರಲಿಲ್ಲ. 1974ರಲ್ಲಿ, ಅವರಿಗೆ 81 ವರ್ಷವಾಗಿದ್ದಾಗ, ಅಮೆರಿಕದಲ್ಲಿದ್ದ ಮಾರಿಯೋ ಮೊಲಿನಾ ಮತ್ತು ಎಫ್. ಶೆರ್ವುಡ್ ರೋಲ್ಯಾಂಡ್ ಅವರು ಕ್ಲೋರೋಫ್ಲೋರೋಕಾರ್ಬನ್‌ಗಳ ಬಗ್ಗೆ ಎಚ್ಚರಿಕೆಯ ಪ್ರಬಂಧವನ್ನು ಪ್ರಕಟಿಸಿದರು. ಸಿಎಫ್‌ಸಿ ಎಂದು ಸಂಕ್ಷಿಪ್ತವಾಗಿ ಕರೆಯಲಾಗುವ ಈ ಅನಿಲಗಳಿಗೆ ವಿಷವಿಲ್ಲ, ಅವು ಉರಿಯುವುದೂ ಇಲ್ಲ. ಹೀಗಾಗಿ ಫ್ರಿಜ್, ಹವಾನಿಯಂತ್ರಕ, ಫೋಮ್ ಮತ್ತು ಸ್ಪ್ರೇ ಡಬ್ಬಿಗಳಲ್ಲಿ ಅವು ವ್ಯಾಪಕವಾಗಿ ಬಳಕೆಯಲ್ಲಿದ್ದವು. ಕೆಳಗಿನ ವಾತಾವರಣದಲ್ಲಿ ಅವು ನಾಶವಾಗುವುದಿಲ್ಲ. ನಿಧಾನವಾಗಿ ಸಮೋಷ್ಣ ಮಂಡಲವನ್ನು ತಲುಪಿ ನೇರಳಾತೀತ ಕಿರಣಗಳಿಂದ ಒಡೆದು ಕ್ಲೋರಿನ್ ಪರಮಾಣುಗಳನ್ನು ಬಿಡುಗಡೆ ಮಾಡುತ್ತವೆ. ಇಂತಹ ಒಂದೊಂದು ಪರಮಾಣುವೂ ಸಾವಿರಾರು ಓಝೋನ್ ಅಣುಗಳನ್ನು ನಾಶಮಾಡಬಲ್ಲದು.

ರಾಮನಾಥನ್ ಅವರ ನಿಧನದ ಮೂರು ತಿಂಗಳೊಳಗೆ, 1985ರ ಮಾರ್ಚಿನಲ್ಲಿ, ಓಝೋನ್ ರಕ್ಷಣೆಯ ವಿಯೆನ್ನಾ ಒಪ್ಪಂದಕ್ಕೆ ಸಹಿಯಾಯಿತು. ಮೇ ತಿಂಗಳಿನಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕಾದ ಮೇಲೆ ವಸಂತಕಾಲದಲ್ಲಿ ಓಝೋನ್ ತೀವ್ರವಾಗಿ ಕುಸಿಯುತ್ತಿರುವುದನ್ನು ಪ್ರಕಟಿಸಿದರು. ಅವರಿಗೆ ಆಧಾರವಾದದ್ದು ಭೂಭೌತ ವರ್ಷದಿಂದ ಮುಂದುವರಿದ ಹ್ಯಾಲಿ ಕೊಲ್ಲಿಯ ಡಾಬ್ಸನ್ ಅಳತೆಗಳು. ಯಾವ ತಕ್ಷಣದ ಉಪಯೋಗವನ್ನೂ ನಿರೀಕ್ಷಿಸದೆ ದಶಕಗಳ ಕಾಲ ದಿನವೂ ಬರೆದಿಟ್ಟ ಅಂಕಿಗಳು ಇಲ್ಲಿ ಸಾಕ್ಷ್ಯವಾದವು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಡಂಬಡಿಕೆಯಾಯಿತು.

ಭಾರತ ಮೊದಲಿಗೆ ಈ ಒಡಂಬಡಿಕೆಯಿಂದ ಹೊರಗುಳಿಯಿತು. ಇದನ್ನು ಕೇವಲ ಹಟವೆನ್ನಲಾಗದು. ವಾತಾವರಣದಲ್ಲಿ ಸೇರಿದ್ದ ಸಿಎಫ್‌ಸಿಯ ಬಹುಪಾಲು ಶ್ರೀಮಂತ ದೇಶಗಳದು, ಭಾರತದ ತಲಾ ಬಳಕೆ ಅತ್ಯಲ್ಪ. ಫ್ರಿಜ್ ಇನ್ನೂ ಬಹುಪಾಲು ಮನೆಗಳಿಗೆ ಬಂದಿರದ ದೇಶವು ಬದಲಿ ತಂತ್ರಜ್ಞಾನವನ್ನು ದುಬಾರಿ ಬೆಲೆಗೆ ಕೊಳ್ಳಬೇಕೇ ಎಂಬುದು ಪ್ರಶ್ನೆಯಾಗಿತ್ತು. ಇದಕ್ಕೆ ವಿಜ್ಞಾನದ ಇನ್ನೊಂದು ಮಗ್ಗುಲೂ ಇತ್ತು. ಓಝೋನ್ ಕುಸಿತ ತೀವ್ರವಾಗಿದ್ದುದು ಧ್ರುವಪ್ರದೇಶದಲ್ಲಿ. ಭಾರತದ ಮೇಲಿನ ದೀರ್ಘಕಾಲದ ಅಳತೆಗಳಲ್ಲಿ ಗಮನಾರ್ಹ ಇಳಿಕೆ ಕಂಡುಬಂದಿರಲಿಲ್ಲ. ಆದರೆ ಉಷ್ಣವಲಯದ ಪದರವು ಸಹಜವಾಗಿಯೇ ತೆಳುವಾದದ್ದು, ನೆತ್ತಿಯ ಮೇಲಿನ ಸೂರ್ಯನ ನೇರಳಾತೀತ ಕಿರಣಗಳು ಇಲ್ಲಿ ಮೊದಲೇ ಪ್ರಬಲ. ಹಾಗೆಯೇ ಒಂದು ದೇಶದಲ್ಲಿ ಸೋರಿದ ಅನಿಲ ಆ ದೇಶದ ಮೇಲೆ ನಿಲ್ಲದೆ ಇಡೀ ವಾತಾವರಣವನ್ನು ಸೇರುತ್ತದೆ. ಈ ಚಿತ್ರವನ್ನು ಸ್ವತಃ ಅಳೆದು ತಿಳಿದಿದ್ದ ದೇಶ ಭಾರತ.

1990ರ ಜೂನಿನಲ್ಲಿ ಲಂಡನ್ನಿನಲ್ಲಿ ನಡೆದ ಸಭೆಯಲ್ಲಿ ಪರಿಸರ ಸಚಿವೆ ಮೇನಕಾ ಗಾಂಧಿ ಅವರು ಭಾರತವನ್ನು ಪ್ರತಿನಿಧಿಸಿದರು. ಅಭಿವೃದ್ಧಿಶೀಲ ದೇಶಗಳ ಒತ್ತಾಯದ ಫಲವಾಗಿ, ಬದಲಾವಣೆಯ ಹೆಚ್ಚುವರಿ ವೆಚ್ಚವನ್ನು ಭರಿಸುವ ಬಹುಪಕ್ಷೀಯ ನಿಧಿಯು ಈ ಸಭೆಯಲ್ಲಿ ರೂಪುಗೊಂಡಿತು. ತಲಾ ಬಳಕೆ ವರ್ಷಕ್ಕೆ 0.3 ಕಿ.ಗ್ರಾಂಗಿಂತ ಕಡಿಮೆ ಇರುವ ಅಭಿವೃದ್ಧಿಶೀಲ ದೇಶಗಳಿಗೆ ಹೆಚ್ಚಿನ ಕಾಲಾವಕಾಶವನ್ನು ಮೂಲ ಒಡಂಬಡಿಕೆಯೇ ನೀಡಿತ್ತು. ಭಾರತವು 1992ರ ಜೂನ್ 19ರಂದು ಒಡಂಬಡಿಕೆಯನ್ನು ಸೇರಿತು. ಪರಿಸರ ಸಚಿವಾಲಯದಲ್ಲಿ ಓಝೋನ್ ಕೋಶವೊಂದು ಸ್ಥಾಪನೆಯಾಯಿತು. 2000ನೇ ಇಸವಿಯಲ್ಲಿ ಓಝೋನ್ ನಾಶಕ ವಸ್ತುಗಳ ನಿಯಂತ್ರಣ ನಿಯಮಗಳು ಜಾರಿಗೆ ಬಂದವು.

ಭಾರತ ಈ ಅನಿಲಗಳನ್ನು ಬಳಸುವ ದೇಶ ಮಾತ್ರವಲ್ಲ, ತಯಾರಿಸುವ ದೇಶವೂ ಆಗಿತ್ತು. ಗುಜರಾತ್, ರಾಜಸ್ಥಾನ ಮತ್ತು ತಮಿಳುನಾಡಿನಲ್ಲಿ ಒಟ್ಟು ನಾಲ್ಕು ಕಂಪನಿಗಳು ಸಿಎಫ್‌ಸಿ ತಯಾರಿಸುತ್ತಿದ್ದವು. ರಾಮನಾಥನ್ ಅವರು ಓಝೋನ್ ಅಳೆಯುತ್ತಿದ್ದ ರಾಜ್ಯದಲ್ಲಿಯೇ ಅದನ್ನು ನಾಶಮಾಡುವ ಅನಿಲದ ಕಾರ್ಖಾನೆಯೂ ಇತ್ತು. ಉತ್ಪಾದನೆಯನ್ನು ಹಂತಹಂತವಾಗಿ ನಿಲ್ಲಿಸಲು 1999ರಲ್ಲಿ ಬಹುಪಕ್ಷೀಯ ನಿಧಿಯು 8.2 ಕೋಟಿ ಡಾಲರ್ ನೆರವಿಗೆ ಒಪ್ಪಿತು. ಗಡುವು 2010ರ ಜನವರಿ 1 ಆಗಿದ್ದರೂ ಭಾರತ 2008ರ ಆಗಸ್ಟ್ 1ರಿಂದಲೇ, ಅಂದರೆ 17 ತಿಂಗಳು ಮೊದಲೇ, ಸಿಎಫ್‌ಸಿ ಉತ್ಪಾದನೆಯನ್ನು ನಿಲ್ಲಿಸಿತು. ಆಸ್ತಮಾ ರೋಗಿಗಳ ಇನ್‌ಹೇಲರ್‌ಗೆ ಬೇಕಾದ ಔಷಧ ದರ್ಜೆಯ ಅನಿಲಕ್ಕೆ ಮಾತ್ರ ಸ್ವಲ್ಪ ಕಾಲ ವಿನಾಯಿತಿ ಉಳಿಯಿತು. ಅಗ್ನಿಶಾಮಕಗಳ ಹ್ಯಾಲಾನ್ ಮತ್ತು ಬಟ್ಟೆ, ಲೋಹಗಳ ಜಿಡ್ಡು ತೆಗೆಯಲು ಬಳಸುತ್ತಿದ್ದ ಕಾರ್ಬನ್ ಟೆಟ್ರಾಕ್ಲೋರೈಡ್ 2010ರ ಹೊತ್ತಿಗೆ ನಿಯಂತ್ರಿತ ಬಳಕೆಯಿಂದ ಹೊರಬಿದ್ದವು.

ಕಾರ್ಖಾನೆಗಳಿಗಿಂತ ಕಷ್ಟದ ಕೆಲಸ ರಿಪೇರಿ ಅಂಗಡಿಗಳದ್ದಾಗಿತ್ತು. ಫ್ರಿಜ್ ಕೆಟ್ಟಾಗ ಹಳೆಯ ಅನಿಲವನ್ನು ಗಾಳಿಗೆ ಬಿಟ್ಟು ಹೊಸದನ್ನು ತುಂಬುವುದು ಬೀದಿಬದಿಯ ಮೆಕ್ಯಾನಿಕ್‌ಗಳ ರೂಢಿ. ಅನಿಲವನ್ನು ಹಿಡಿದು ಮತ್ತೆ ಬಳಸುವ, ಬದಲಿ ಅನಿಲಗಳನ್ನು ಸುರಕ್ಷಿತವಾಗಿ ತುಂಬುವ ತರಬೇತಿಯನ್ನು ದೇಶದಾದ್ಯಂತ ನೀಡಬೇಕಾಯಿತು. ಬದಲಿಯಾಗಿ ಬಂದ ಎಚ್‌ಸಿಎಫ್‌ಸಿಗಳೂ ಓಝೋನಿಗೆ ಸ್ವಲ್ಪ ಮಟ್ಟಿಗೆ ಹಾನಿಕರವಾದುದರಿಂದ ಅವುಗಳನ್ನು 2030ರೊಳಗೆ ಬಹುತೇಕ ಕೈಬಿಡಬೇಕಾಗಿದೆ. ಫೋಮ್ ತಯಾರಿಕೆಯಲ್ಲಿ ಬಳಸುತ್ತಿದ್ದ ಎಚ್‌ಸಿಎಫ್‌ಸಿ-141ಬಿ ಬಳಕೆಯನ್ನು ಭಾರತ 2020ರ ಜನವರಿ 1ರಿಂದ ನಿಲ್ಲಿಸಿತು. ಓಝೋನಿಗೆ ಹಾನಿ ಮಾಡದಿದ್ದರೂ ಭೂಮಿಯನ್ನು ಬಿಸಿಯಾಗಿಸುವ ಎಚ್‌ಎಫ್‌ಸಿಗಳನ್ನು ತಗ್ಗಿಸುವ ಕಿಗಾಲಿ ತಿದ್ದುಪಡಿಗೆ 2021ರಲ್ಲಿ ಅನುಮೋದನೆ ನೀಡಿತು.

ಈ ಒಪ್ಪಂದಗಳಲ್ಲಿ ರಾಮನಾಥನ್ ಅವರ ನೇರ ಪಾತ್ರವೇನೂ ಇಲ್ಲ. ಅವರ ಕಾಲದಲ್ಲಿ ಬೆಳೆದ ಅಳತೆಯ ಪರಂಪರೆಯನ್ನು ಹವಾಮಾನ ಇಲಾಖೆಯು ಮುಂದುವರಿಸಿತು. ಬಲೂನಿನಲ್ಲಿ ಕಳುಹಿಸಿ ಪ್ರತಿ ಎತ್ತರದ ಓಝೋನನ್ನು ನೇರವಾಗಿ ಅಳೆಯುವ ಓಝೋನ್‌ಸೋಂಡ್ ಉಪಕರಣವನ್ನು ಇಲಾಖೆಯ ವಿಜ್ಞಾನಿಗಳು ಪುಣೆಯಲ್ಲಿಯೇ ನಿರ್ಮಿಸಿದರು. ಅಂಟಾರ್ಕ್ಟಿಕಾದ ಭಾರತೀಯ ನೆಲೆಯಾದ ಮೈತ್ರಿಯಿಂದಲೂ ಓಝೋನ್ ಅಳತೆಗಳು ನಡೆದಿವೆ.

ಗೌರವಗಳು ಮತ್ತು ನಿಧನ

ರಾಮನಾಥನ್ ಅವರು 1934ರಲ್ಲಿ ರಾಮನ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಸ್ಥಾಪಕ ಸದಸ್ಯರಲ್ಲಿ ಒಬ್ಬರು. 1961ರಲ್ಲಿ ವಿಶ್ವ ಹವಾಮಾನ ಸಂಸ್ಥೆಯು ಅವರಿಗೆ ತನ್ನ ಅತ್ಯುನ್ನತ ಗೌರವವಾದ ಅಂತರರಾಷ್ಟ್ರೀಯ ಹವಾಮಾನ ಸಂಸ್ಥೆ ಬಹುಮಾನವನ್ನು ನೀಡಿತು. ಭಾರತ ಸರ್ಕಾರವು 1965ರಲ್ಲಿ ಪದ್ಮಭೂಷಣ ಮತ್ತು 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳನ್ನು ನೀಡಿ ಗೌರವಿಸಿತು. 1977ರಲ್ಲಿ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಆರ್ಯಭಟ ಪದಕವೂ ಸಂದಿತು.

1984ರ ಡಿಸೆಂಬರ್ 31ರಂದು, ತಮ್ಮ 91ನೆಯ ವಯಸ್ಸಿನಲ್ಲಿ ರಾಮನಾಥನ್ ಅವರು ನಿಧನರಾದರು. ಅಹಮದಾಬಾದಿನ ಪ್ರಯೋಗಾಲಯದ ಸಭಾಂಗಣಕ್ಕೆ ಅವರ ಹೆಸರನ್ನು ಇಡಲಾಗಿದೆ.